ಮೂವತ್ತೆರಡನೆಯ ಪದ್ಯದ ಜಾಗ

ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಆಸ್ಪತ್ರೆಯ ಚೀಟಿಯನ್ನು ನಾಲ್ಕಾಗಿ ಮಡಿಸಿ, ಗುಂಡಿಗಳ ಡಬ್ಬಿಯೊಳಗೆ ಹಾಕಿ, ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚಿದಳು.

"ನಾನು ಹೋಗಲ್ಲ," ಅಂದಳು. "ಈ ಗುರುವಾರ ಅಲ್ಲ, ಯಾವ ವಾರಾನೂ ಹೋಗಲ್ಲ."

ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಪುಟ್ಟಿ ಹಾಗೇ ನಿಂತಳು. ಮೂವತ್ತೆಂಟು ತುಂಬಿದ್ದರೂ ದೊಡ್ಡಮ್ಮನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಐದನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವಳಿಗೆ ತಾಯಿಯ ಅಕ್ಕನೇ ತಾಯಿಯಾಗಿದ್ದಳು. ಆ ದೊಡ್ಡಮ್ಮನ ಎಡಗಣ್ಣಿನ ಬೆಳಕು ಆರಿ ಆರು ವರ್ಷವಾಗಿತ್ತು. ಈಗ ಬಲಗಣ್ಣಿಗೂ ಪರದೆ ಇಳಿಯುತ್ತಿತ್ತು. ಗುರುವಾರ ಎಂಟು ಗಂಟೆಗೆ ಶಸ್ತ್ರಕ್ರಿಯೆ. ತಪ್ಪಿದರೆ ಮುಂದಿನ ಸರದಿ ನಾಲ್ಕು ತಿಂಗಳು ಕಳೆದ ಮೇಲೆ. 'ಅಲ್ಲೀತನಕ ಬೆಳಕು ಉಳಿದಿರುತ್ತೆ ಅಂತ ನಾನು ಮಾತು ಕೊಡಲಾರೆ' ಎಂದು ಕಣ್ಣಿನ ಡಾಕ್ಟರು ನೇರವಾಗಿ ಹೇಳಿಬಿಟ್ಟಿದ್ದರು. ನಲವತ್ತು ವರ್ಷದಿಂದ ಟೈಲರ್ ಅಂಗಡಿಗಳಿಗೆ ಕಾಜ ಹೊಲಿದುಕೊಟ್ಟ ಕೈ ಅದು. ಈಚೆಗೆ ಕಾಜಗಳು ಗುಂಡಿಯ ನೇರ ಬಿಟ್ಟು, ಮುನಿಸಿಕೊಂಡವರ ಹಾಗೆ ಅತ್ತಿತ್ತ ಸರಿದು ಕೂರತೊಡಗಿದ್ದವು.

"ಯಾಕೆ ಅಂತ ಕೇಳಬಹುದಾ?"

"ನನ್ನನ್ನೇನು ಕೇಳ್ತೀಯ? ಕಿಟಕಿ ತೆಗಿ. ನಾನೇ ಬೀದೀಲಿ ಹೇಳ್ಕೊಂಡು ಹೋಗ್ತಿದ್ದೀನಿ."

ಪುಟ್ಟಿ ಕಿಟಕಿ ತೆರೆದಳು. ಚುನಾವಣೆಯ ವ್ಯಾನೊಂದು ಬೀದಿಯ ತಿರುವಿನಲ್ಲಿ ಕಸದ ಲಾರಿಗೆ ದಾರಿ ಬಿಡುತ್ತ ನಿಂತಿತ್ತು. ಅದರ ನೆತ್ತಿಯ ಧ್ವನಿವರ್ಧಕದಲ್ಲಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ, ದೊಡ್ಡಮ್ಮನ ದನಿ:

ಬೀಗವಿಲ್ಲದ ಬಾಗಿಲೊಂದು ಬರುವುದು,
ಮುಖವ ನೋಡಿ ತೆರೆವುದು;
ಹೆಸರ ಕೇಳದು, ಊರ ಕೇಳದು,
ಕಣ್ಣ ನೋಡಿ ಕರೆವುದು.

ಅದರ ಬೆನ್ನಿಗೇ, ಅದೇ ಬೀದಿಯ ಬೇಕರಿ ಅಕ್ಕನ ದಪ್ಪ ದನಿ:

ಒಳಗೆ ಹೊಕ್ಕವರು ಮರಳಿ ಬಾರರು,
ಹೊಸಿಲು ಹಿಂದೆ ಸರಿವುದು;
ಕರೆದ ದನಿಗೆ ಮಾರುದನಿ ಇರದು,
ಹಗಲ ದೀಪವು ಆರುವುದು.

ಆಮೇಲೆ ಅಭ್ಯರ್ಥಿಯ ಗಂಟಲು. "ಕೇಳಿದ್ರಾ ತಾಯಂದಿರೇ? ಹಿರಿಯರು ಅಂದೇ ಹೇಳಿದ್ರು! ಆಸ್ಪತ್ರೇಲಿ, ಕಚೇರೀಲಿ, ಸ್ಟೇಷನ್ನಲ್ಲಿ ಮುಖ ನೋಡೋ ಬಾಗಿಲು ಇಟ್ಟಿದ್ದಾರೆ! ನನಗೆ ಮತ ಕೊಡಿ, ಒಂದೊಂದನ್ನೂ ಮುರಿದು ಹಾಕ್ತೀನಿ!"

ಲಾರಿ ಸರಿಯಿತು, ವ್ಯಾನೂ ಸರಿಯಿತು.

"ಕೇಳಿದೆಯಲ್ಲ," ದೊಡ್ಡಮ್ಮ ತಣ್ಣಗೆ ಹೇಳಿದಳು. "ನಲವತ್ತು ವರ್ಷ ಊರಿಗೆಲ್ಲ ಆ ಬಾಗಿಲಿನ ಸುದ್ದಿ ಹೇಳಿದವಳು ನಾನು. ಈಗ ನಾನೇ ಮುಖ ತೋರಿಸಿ ಒಳಗೆ ಹೋದ್ರೆ, ನನ್ನ ಪದ್ಯಕ್ಕೆ ಏನು ಮರ್ಯಾದೆ ಉಳೀತು? ಮರಳಿ ಬಾರರು ಅಂತ ಬೇರೆ ಇದೆ."

"ಬೇರೆ ಬಾಗಿಲಿಂದ ಕರ್ಕೊಂಡು ಹೋಗ್ತೀನಿ."

"ಕೇಳು ಹೋಗು."

ಪುಟ್ಟಿ ಆಸ್ಪತ್ರೆಗೆ ಫೋನು ಮಾಡಿದಳು. ಇರುವುದು ಒಂದೇ ಬಾಗಿಲು, ಹಿಂದಿನದು ಬಟ್ಟೆ ಒಗೆಯುವವರಿಗೆ, ಅಲ್ಲೂ ಕಳೆದ ತಿಂಗಳಿಂದ ಮುಖ ನೋಡಿ ತೆರೆಯುವ ಅದೇ ಯಂತ್ರ ಎಂದು ಆ ಕಡೆಯ ಹೆಂಗಸು ಪಾಠ ಒಪ್ಪಿಸುವಂತೆ ಹೇಳಿದಳು.

ಈ ಪದ್ಯಗಳ ಸಂಗತಿ ಹೇಳಲೇಬೇಕು. ಅವರ ಬೀದಿಯ ಕೊನೆಗೆ ಪಠಣದ ಮನೆ ಎಂಬುದೊಂದಿತ್ತು. ಕಾಲ ಮುಗಿಯುವುದನ್ನು ಹೇಳುವ ಅರವತ್ತನಾಲ್ಕು ಪದ್ಯ ಅಲ್ಲಿಯ ಆಸ್ತಿ. ಪುಸ್ತಕವಿಲ್ಲ, ಬರೆಹವಿಲ್ಲ. ಮನೆಗೊಬ್ಬರಂತೆ ಅರವತ್ತನಾಲ್ಕು ಮಂದಿ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಪದ್ಯ. ತಿಂಗಳಿಗೊಮ್ಮೆ ಎಲ್ಲರೂ ಸಾಲಾಗಿ ಕೂತು ಸರದಿಯಂತೆ ಹೇಳಿದರೆ ಆ ಇಡೀ ಭವಿಷ್ಯ ಒಂದು ಸಲ ಎದ್ದು ನಿಂತು ಮತ್ತೆ ಮನೆಮನೆಗೆ ಚದುರಿಹೋಗುವುದು. ಇನ್ನೊಬ್ಬರ ಪದ್ಯ ಕಿವಿಗೆ ಸಲ್ಲುತ್ತದೆ, ನಾಲಿಗೆಗೆ ಸಲ್ಲದು. ಯಾರಾದರೂ ಬಾರದೆ ಹೋದರೆ ಅವರ ಬದಲು ಯಾರೂ ಹೇಳುವಂತಿಲ್ಲ. ಎಲ್ಲರೂ ಕಣ್ಣು ಮುಚ್ಚಿ ನಾಲ್ಕು ಉಸಿರು ಸುಮ್ಮನಿರಬೇಕು, ಆಮೇಲೆ ಮುಂದಿನವರು. ಅದಕ್ಕೆ 'ಬಾರದವರ ಜಾಗ' ಎಂದು ಹೆಸರು.

ದೊಡ್ಡಮ್ಮನದು ಮೂವತ್ತೊಂದನೆಯ ಪದ್ಯ. ಅವಳಿಗೆ ಅವಳ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅಜ್ಜಿಯಿಂದ. ಮುಖ ನೋಡುವ ಬಾಗಿಲೆಂದರೆ ಫೋಟೋ ತೆಗೆಯುವ ಪೆಟ್ಟಿಗೆಯೇ ಎಂದು ಆ ಅಜ್ಜಿ ಸಾಯುವ ತನಕ ಒಂದು ಫೋಟೋಗೂ ನಿಲ್ಲಲಿಲ್ಲ. ಅಪ್ಪ ಮಾತ್ರ ಅದು ಲಿಫ್ಟೇ ಎಂದು ತೀರ್ಮಾನಿಸಿ, ಆರನೇ ಮಹಡಿಯ ಕಚೇರಿಗೆ ಇಪ್ಪತ್ತು ವರ್ಷ ಮೆಟ್ಟಿಲು ಹತ್ತಿದ. ಮಂಡಿ ಹೋಯಿತೇ ಹೊರತು ಕಾಲ ಮುಗಿಯಲಿಲ್ಲ. ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದ ದೊಡ್ಡಮ್ಮನೇ ಈಗ ಗುಂಡಿಯ ಡಬ್ಬಿಯ ಮೇಲೆ ಕೈಯಿಟ್ಟು ಕಲ್ಲಿನಂತೆ ಕೂತಿದ್ದಳು.

ಪುಟ್ಟಿಗೆ ನಂಬಿಕೆ ಇರಲಿಲ್ಲವೆಂದಲ್ಲ. ದೊಡ್ಡಮ್ಮನ ಪದ್ಯ ಅವಳಿಗೆ ಜೋಗುಳದ ಜೊತೆ ಬಂದದ್ದು; ಪಠಣದ ಸಾಲಿನಲ್ಲಿ ಮಾತ್ರ ಅವಳೆಂದೂ ಕೂತವಳಲ್ಲ. ದೇವರ ಮಾತನ್ನು ವ್ಯಾನಿನ ನೆತ್ತಿಗೆ ಕಟ್ಟಿ ಎಳೆದಾಡುವುದನ್ನು ಅವಳು ಸಹಿಸಲಾರಳು. ಅಷ್ಟೇ ಅಲ್ಲ, ಆ ಧ್ವನಿಮುದ್ರಣ ಮಾಡಿದವಳು ಅವಳೇ. ಊರು ಬಿಟ್ಟು ಹೋದವರೂ ಕೇಳಲಿ ಎಂದು ಕಳೆದ ವರ್ಷ ಪಠಣದ ಮನೆಯ ಯಜಮಾನರು ಕೇಳಿಕೊಂಡಿದ್ದರು. ಅವಳು ಮೈಕು ಇಟ್ಟು ಹಿಡಿದು, ತನ್ನ ಸ್ಟುಡಿಯೋದಲ್ಲಿ ಚೊಕ್ಕ ಮಾಡಿ, ಫೋನಿನ ಗುಂಪಿಗೆ ಹಾಕಿದ್ದಳು. ಗುಂಪಿನಿಂದ ಗುಂಪಿಗೆ ಹಾರಿ ಅದರ ಒಂದು ತುಣುಕು ಅಭ್ಯರ್ಥಿಯ ಕೈಗೆ ಬಿದ್ದಿತ್ತು.

ಮಂಗಳವಾರ ಸ್ಟುಡಿಯೋದಲ್ಲಿ ಅವಳು ಲಿಫ್ಟುಗಳಿಗೆ ಮಾತು ಕತ್ತರಿಸುತ್ತಿದ್ದಳು. ಅದೇ ಅವಳ ಕೆಲಸ. 'ಬಾಗಿಲು ಮುಚ್ಚುತ್ತಿದೆ', 'ಮುಂದಿನ ನಿಲ್ದಾಣ', 'ದಯವಿಟ್ಟು ಸರದಿಯಲ್ಲಿ ನಿಲ್ಲಿ' ಮುಂತಾದ ಊರಿನ ಯಂತ್ರಗಳ ಮಾತೆಲ್ಲ ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. ಸ್ಟುಡಿಯೋದ ಮಾಲೀಕ ಅವಳನ್ನು ಕರೆಯುವುದೇ ಕತ್ತರಿ ಎಂದು.

"ಕತ್ತರಿ, ಈ ನಾಲ್ಕನೇ ಮಹಡಿ ಯಾಕೋ ಆಕಳಿಸೋ ಹಾಗೆ ಕೇಳ್ತಿದೆ," ಅಂದ ಮಾಲೀಕ.

"ಹೇಳಿದವರೇ ಆಕಳಿಸಿದ್ರು ಸಾರ್. ಸರಿ ಮಾಡ್ತೀನಿ."

ಅಷ್ಟರಲ್ಲಿ ಹೊರಗೆ ಮತ್ತೆ ಅದೇ ವ್ಯಾನು. ಗಾಜಿನ ಆಚೆಯಿಂದ ದೊಡ್ಡಮ್ಮನ ದನಿ ಬಂತು, ಬೇಕರಿ ಅಕ್ಕನ ದನಿ ಬಂತು. ಈ ಸಲ ಪುಟ್ಟಿ ಕೇಳಿದ್ದು ಹೆಡ್‌ಫೋನು ಕತ್ತಿಗೆ ಇಳಿಬಿಟ್ಟುಕೊಂಡ ಕೆಲಸದ ಕಿವಿಯಿಂದ. 'ಕರೆವುದು' ಮುಗಿದದ್ದಕ್ಕೂ 'ಒಳಗೆ' ಶುರುವಾದದ್ದಕ್ಕೂ ನಡುವೆ ಒಂದು ಸೊಳ್ಳೆ ನುಸುಳುವಷ್ಟೂ ಸಂದಿ ಇರಲಿಲ್ಲ.

ಎಲ್ಲಿ ಹೋಯಿತು ಉಸಿರು?

ಅವಳು ಹಳೆಯ ಕಡತ ಹುಡುಕಿ, ಮುಟ್ಟದೆ ಇಟ್ಟಿದ್ದ ಮೂಲ ಮುದ್ರಣ ತೆರೆದಳು. ದೊಡ್ಡಮ್ಮ ಹೇಳಿ ಮುಗಿಸಿದಳು. ಆಮೇಲೆ ಫ್ಯಾನಿನ ಗುಂಯ್, ಯಾರದೋ ಕೆಮ್ಮು, ಚಾಪೆಯ ಸರಸರ. ಒಂದು, ಎರಡು, ಮೂರು, ನಾಲ್ಕು ಉಸಿರು. ಆಮೇಲೆ ಬೇಕರಿ ಅಕ್ಕ. ಮೂವತ್ತೊಂದು ಆದಮೇಲೆ ಬಂದದ್ದು ಮೂವತ್ತಮೂರು. ನಡುವಿನದು ಬಾರದವರ ಜಾಗ.

ಅವಳ ಯಂತ್ರದಲ್ಲಿ 'ಮೌನ ತೆಗೆ' ಎಂಬ ಚೌಕವೊಂದಿತ್ತು. ಲಿಫ್ಟಿಗೆ ಮೌನ ಬೇಡ, ಬಸ್ಸಿಗೆ ಮೌನ ಬೇಡ. ಆ ಚೌಕದಲ್ಲಿ ಟಿಕ್ ಗೆರೆ ಎಳೆದದ್ದನ್ನು ಅವಳು ಹತ್ತು ವರ್ಷದಿಂದ ಅಳಿಸಿಯೇ ಇರಲಿಲ್ಲ. ಯಂತ್ರವು ಮೂವತ್ತೆರಡನೆಯ ಪದ್ಯದ ಜಾಗವನ್ನು ಸದ್ದಿಲ್ಲದ ಕಸವೆಂದು ಗುಡಿಸಿ ಹಾಕಿ ಎರಡು ಪದ್ಯಗಳ ಅಂಚನ್ನು ಹೊಲಿದಿತ್ತು. ಆಸ್ಪತ್ರೆಯ ಬಾಗಿಲಿಗೂ ಮರಳಿ ಬಾರದವರಿಗೂ ಗಂಟು ಹಾಕಿದ್ದು ಕಾಲಪುರುಷನಲ್ಲ, ಅವಳ ಬೆರಳು.

"ಸಾರ್, ನನಗೆ ಇವತ್ತು ಅರ್ಧ ದಿನ ರಜೆ ಬೇಕು."

"ನಾಲ್ಕನೇ ಮಹಡಿ?"

"ಆಕಳಿಸ್ತಾ ಇರ್ಲಿ ಸಾರ್."

ಪಠಣದ ಮನೆಯ ಯಜಮಾನರನ್ನು ಎಲ್ಲರೂ ಗಡಿಯಾರದಜ್ಜ ಅನ್ನುತ್ತಿದ್ದರು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಅವರ ಮನೆಯ ಗೋಡೆಯ ಮೇಲೆ ಹನ್ನೊಂದು ಗಡಿಯಾರ, ಹನ್ನೊಂದೂ ಬೇರೆಬೇರೆ ಹೊತ್ತು. ಪುಟ್ಟಿಯ ಮಾತನ್ನು ಅವರು ಕಣ್ಣು ಮುಚ್ಚಿ ಕೇಳಿದರು.

"ಅದು ನನಗೂ ಗೊತ್ತಾಯ್ತಮ್ಮ," ಅಂದರು. "ಉಸಿರು ಇಲ್ಲ ಅಂತ ಮೊದಲನೇ ಸಲ ಕೇಳಿದಾಗಲೇ ಗೊತ್ತಾಯ್ತು. ಆದ್ರೆ ಯೋಚನೆ ಮಾಡಿದೆ. ನಾವ್ಯಾರೂ ತೆಗೀಲಿಲ್ಲ. ತಾನಾಗೇ ಹೋಗಿದೆ. ಎರಡು ಪದ್ಯ ತಾವಾಗೇ ಸೇರಿಕೊಂಡಿವೆ ಅಂದ್ರೆ ಏನರ್ಥ? ಹೊತ್ತು ಬಂತು ಅಂತ!"

"ತಾನಾಗಿ ಹೋಗಿಲ್ಲ ಅಜ್ಜ. ನಾನು ತೆಗೆದೆ. ಒಂದು ಚೌಕ ಇದೆ, ಅದರಲ್ಲಿ ಗೆರೆ ಎಳೆದಿದ್ದೆ. ಲಿಫ್ಟಿಗೆ ಅಂತ ಎಳೆದದ್ದು."

"ಲಿಫ್ಟಿಗಾ?"

"ಲಿಫ್ಟಿಗೆ."

ಒಂದು ಗಡಿಯಾರ ಮೂರು ಹೊಡೆಯಿತು, ಸ್ವಲ್ಪ ತಡೆದು ಇನ್ನೊಂದು ಏಳು ಹೊಡೆಯಿತು.

"ನಾಳೆ ಸಂಜೆ ಆ ಅಭ್ಯರ್ಥಿ ನಮ್ಮ ಪಠಣದ ಮನೆಗೇ ಬರ್ತಾನಂತೆ," ಎಂದು ಗಡಿಯಾರದಜ್ಜ ಪಿಸುಗುಟ್ಟಿದರು. "ಎಷ್ಟೋ ವರ್ಷದ ಮೇಲೆ ಜನ ಬರ್ತಿದ್ದಾರೆ ಪುಟ್ಟಿ. ಚಾಪೆ ಸಾಲ್ತಿಲ್ಲ." ಹೇಳುತ್ತ ಹೇಳುತ್ತ ಅವರ ದನಿ ತಾನೇ ಸಣ್ಣದಾಯಿತು. ಚಾಪೆಯ ಲೆಕ್ಕ ತಮ್ಮ ಬಾಯಿಂದಲೇ ಬಂದದ್ದಕ್ಕೆ ನಾಚಿದವರಂತೆ ಮುಖ ಒರೆಸಿಕೊಂಡರು.

"ಮೂವತ್ತೆರಡರಲ್ಲಿ ಏನಿದೆ ಅಜ್ಜ?"

"ಒಂಬತ್ತು ವರ್ಷ ಆಯ್ತು ಕೇಳಿ. ಯಾರೋ ತಾಯಿ ಬರ್ತಾಳೆ ಅದರಲ್ಲಿ. ಅಷ್ಟು ನೆನಪಿದೆ. ಪೂರ್ತಿ ನೆನಪಿದ್ರೂ ನಾನು ಹೇಳೋ ಹಾಗಿಲ್ಲ. ಅದು ಏಳನೇ ನಂಬರ್ ಬಸ್ಸಿನ ಡ್ರೈವರದ್ದು. ಅವನನ್ನ ಕೇಳು."

"ಅವರು ಯಾಕೆ ಬರೋದು ಬಿಟ್ರು?"

ಗಡಿಯಾರದಜ್ಜ ಗೋಡೆಯ ಕಡೆ ತಿರುಗಿದರು. "ಫ್ಯಾನಿನ ವಿಷಯ," ಅಂದರು.

ಪುಟ್ಟಿ ಏಳನೇ ನಂಬರಿನ ಬಸ್ಸು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತಳು. ಕೊನೆಯ ನಿಲ್ದಾಣದಲ್ಲಿ ಜನ ಇಳಿದು ಬಸ್ಸು ಖಾಲಿಯಾಯಿತು. ಡ್ರೈವರು ದಪ್ಪ ಕುತ್ತಿಗೆಯ, ಐವತ್ತು ದಾಟಿದ ಮನುಷ್ಯ. ಎಂಜಿನ್ನು ನಿಲ್ಲಿಸಿ, ಬಾಟಲಿಯ ನೀರನ್ನು ತಲೆಗೊಂದಿಷ್ಟು ಬಾಯಿಗೊಂದಿಷ್ಟು ಹಾಕಿಕೊಂಡ. ಅವಳು ಬಂದ ಕೆಲಸ ಹೇಳಿದಳು.

"ಆ ಮುದುಕರು ಫ್ಯಾನಿನ ವಿಷಯ ಅಂದ್ರಾ?" ಅವನ ಮುಖ ಕೆಂಪಾಯಿತು. "ಹೇಳ್ತೀನಿ ಕೇಳಿ. ಇಡೀ ದಿನ ಎಂಜಿನ್ ಪಕ್ಕ ಕೂರೋನು ನಾನು. ಬೇಯ್ತೀನಿ. ಅಲ್ಲಿ ಹೋಗಿ ಫ್ಯಾನಿನ ಕೆಳಗೆ ಕೂತ್ರೆ ಅವರಿಗೆ ಚಳಿಯಂತೆ. ನಾನು ಹಾಕೋದು, ಅವರು ಆರಿಸೋದು. ನಾನು ಹಾಕೋದು, ಅವರು ಆರಿಸೋದು. ಕೊನೆಗೆ, ಅಷ್ಟು ಸೆಕೆಯಾದ್ರೆ ಹೊರಗೆ ಕೂತ್ಕೋ ಅಂದ್ರು. ಸರಿ, ಹೊರಗೆ ಕೂತೆ. ಒಂಬತ್ತು ವರ್ಷದಿಂದ ಹೊರಗೇ ಕೂತಿದ್ದೀನಿ."

"ಪದ್ಯ ಮರೆತಿಲ್ಲ ತಾನೆ?"

"ಮರೆಯೋದಾ!" ಅವನು ಸ್ಟಿಯರಿಂಗಿನ ಮೇಲೆ ಅಂಗೈ ತಟ್ಟಿದ. "ಆದ್ರೆ ಹಾಗೆ ಕೇಳಿದ ತಕ್ಷಣ ಬರಲ್ಲ ಕಣಮ್ಮ. ಮೂವತ್ತೊಂದು ಕಿವಿಗೆ ಬಿದ್ರೆ ತಾನೇ ಮೂವತ್ತೆರಡು ಬಾಯಿಗೆ ಬರೋದು? ಹಿಂದಿನ ಗೇರ್ ಹಾಕದೆ ಮುಂದಿನದು ಬೀಳುತ್ತಾ? ವ್ಯಾನಿನ ದನಿಗೆ ಬರಲ್ಲ, ಎದುರಿಗೆ ಕೂತವರ ಬಾಯಿಂದಲೇ ಬೀಳ್ಬೇಕು. ನಿಮ್ಮ ದೊಡ್ಡಮ್ಮನ್ನ ಕರ್ಕೊಂಡು ಬನ್ನಿ. ಅವರು ಹೇಳ್ಲಿ, ನಾನು ಹೇಳ್ತೀನಿ. ಆ ಮನೆಗೆ ಮಾತ್ರ ಬರಲ್ಲ. ಇಲ್ಲೇ. ಹನ್ನೊಂದು ನಿಮಿಷ ನಿಲ್ತೀನಿ ಇಲ್ಲಿ, ಹನ್ನೆರಡನೇ ನಿಮಿಷಕ್ಕೆ ಹೊರಡಬೇಕು."

ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದ ಮೇಲೆ ಬೈಗುಳಕ್ಕೆ ಪುಟ್ಟಿ ತಲೆ ಬಗ್ಗಿಸಿ ಕಾದಳು. ಬೈಗುಳ ಬರಲಿಲ್ಲ.

"ಅಲ್ಲೊಂದು ಪದ್ಯ ಇತ್ತಲ್ಲ, ಹೌದು," ದೊಡ್ಡಮ್ಮ ನಿಧಾನಕ್ಕೆ ಅಂದಳು. "ಆ ಡ್ರೈವರು ಹೇಳ್ತಿದ್ದ. ಏನು ಹೇಳ್ತಿದ್ದ ಅಂತ ಮಾತ್ರ ನನಗೆ ಗೊತ್ತಿಲ್ಲ."

"ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆಯಲ್ಲ!"

"ಪಕ್ಕದಲ್ಲಿ ಕೂತಿದ್ದಕ್ಕೇ ಗೊತ್ತಿಲ್ಲ ಪುಟ್ಟಿ. ನನ್ನದು ಹೇಳಿ ಮುಗಿಸಿದ ಕೂಡಲೆ ಎದೆ ಡವಡವ ಅಂತಿರುತ್ತೆ. ಸರಿ ಹೇಳಿದ್ನಾ, ಎಲ್ಲಾದ್ರೂ ನುಂಗಿಬಿಟ್ನಾ ಅಂತ. ಆ ಸದ್ದು ಇಳಿಯೋ ಹೊತ್ತಿಗೆ ಬೇಕರಿಯವಳು ಶುರು ಮಾಡಿರ್ತಾಳೆ. ಅರವತ್ತನಾಲ್ಕರಲ್ಲಿ ನಾನು ಕೇಳದೆ ಇರೋದು ಅದೊಂದೇ."

ಬುಧವಾರ ಮಧ್ಯಾಹ್ನ ಪುಟ್ಟಿ ಅವಳ ಕೈಹಿಡಿದು ಏಳನೇ ನಂಬರಿಗೆ ಹತ್ತಿಸಿದಳು. ಪದ್ಯ ಕೇಳಲು ಮಾತ್ರ ಬರುತ್ತೇನೆ, ಗುರುವಾರದ ಮಾತು ಎತ್ತಕೂಡದು ಎಂಬ ಕರಾರಿನ ಮೇಲೆ ದೊಡ್ಡಮ್ಮ ಹೊರಟಿದ್ದಳು. ಮೆಟ್ಟಿಲು ಕಾಣದೆ ಅವಳ ಕಾಲು ಎರಡು ಸಲ ಗಾಳಿಯಲ್ಲಿ ತಡವರಿಸಿತು. ಡ್ರೈವರು ಕನ್ನಡಿಯಲ್ಲಿ ಅದನ್ನು ನೋಡಿದ. ಆ ದಿನ ಪ್ರತಿ ತಿರುವಿನಲ್ಲೂ ಬಸ್ಸು, ತುಂಬಿದ ಕೊಡ ಹೊತ್ತವರ ಹಾಗೆ ನಡೆಯಿತು.

ಕೊನೆಯ ನಿಲ್ದಾಣ ಬಂತು. ಜನ ಇಳಿದರು. ಡ್ರೈವರು ಎಂಜಿನ್ನು ಆರಿಸಿ, ಎದ್ದು ಬಂದು ಎದುರಿನ ಸೀಟಿನಲ್ಲಿ ಕೂತು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಚೆನ್ನಾಗಿದ್ದೀರಾ ಅಕ್ಕ?"

"ಇದ್ದೀನಪ್ಪ. ದಪ್ಪ ಆಗಿದ್ದೀಯಾ? ಕಾಣಲ್ಲ, ಸೀಟು ಕಿರುಗುಟ್ಟಿದ್ದು ಕೇಳಿಸ್ತು."

"ಸೀಟೇ ಹಳೇದು ಅಕ್ಕ," ಅವನು ನಕ್ಕ. "ಹೇಳಿ, ಹೊತ್ತಾಗುತ್ತೆ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೂವತ್ತೊಂದನೆಯದನ್ನು ಹೇಳಿದಳು. 'ಕಣ್ಣ ನೋಡಿ ಕರೆವುದು' ಎಂದು ಮುಗಿಯುತ್ತಲೇ ಡ್ರೈವರನ ದಪ್ಪ ಕುತ್ತಿಗೆಯಿಂದ, ಇಂಥ ಮೈಯಲ್ಲಿ ಇಂಥದೊಂದು ಇದ್ದೀತೆಂದು ಯಾರೂ ಎಣಿಸದ, ತೆಳ್ಳಗಿನ ಸಿಹಿ ದನಿ ಎದ್ದಿತು:

ಅಂಜಬೇಡವೊ ಕಂದ, ಅದಕೆ;
ತಾಯಿ ತೆರೆದುದು ಹಾಗೆಯೆ.
ಅಂಜು, ಅಂಜಿಕೆ ಮಾರುವಾತನ
ಅಂಗಡಿಯ ಹೊಸಿಲಾಚೆಗೆ.

ಬೇಕರಿ ಅಕ್ಕನ ಪದ್ಯ ತಾನಾಗಿಯೇ ಪುಟ್ಟಿಯ ಕಿವಿಯಲ್ಲಿ ಹಿಂಬಾಲಿಸಿತು: ಒಳಗೆ ಹೊಕ್ಕವರು ಮರಳಿ ಬಾರರು. ಎಲ್ಲಿಯ ಒಳಗೆ? ಆಸ್ಪತ್ರೆಯದಲ್ಲ! ಮರಳಿ ಬಾರದವರು ಅಂಜಿಕೆ ಮಾರುವವನ ಅಂಗಡಿಗೆ ಹೊಕ್ಕವರು. ಬಾಗಿಲು ಕೇಡಿನದೆಂದು ಯಾರೂ ಯಾವತ್ತೂ ಹೇಳಿಯೇ ಇರಲಿಲ್ಲ. ಅವಳು ದೊಡ್ಡಮ್ಮನ ಕಡೆ ತಿರುಗಿದಳು. ದೊಡ್ಡಮ್ಮನ ಮುಖದಲ್ಲಿ ಕಳವಳವೊಂದೇ ಕಾಣುತ್ತಿತ್ತು.

"ಸರಿ ಹೇಳಿದ್ನಾ? 'ಊರ ಕೇಳದು' ಅನ್ನೋದನ್ನ ನುಂಗಿದ ಹಾಗಾಯ್ತಲ್ಲ?"

"ನುಂಗಿಲ್ಲ ದೊಡ್ಡಮ್ಮ! ಅವರು ಹೇಳಿದ್ದು ಕೇಳ್ತಾ?"

"ಯಾರು? ಹೇಳಿ ಆಯ್ತಾ?"

ಡ್ರೈವರು ತಲೆ ಚಚ್ಚಿಕೊಂಡ. "ಇನ್ನೊಂದ್ಸಲ ಹೇಳಿ ಅಕ್ಕ. ಏಳು ನಿಮಿಷ ಇದೆ."

ಇನ್ನೊಂದು ಸಲ ಹೇಳಿದ್ದಾಯಿತು. ದೊಡ್ಡಮ್ಮ ಈ ಸಲ ಕೇಳಲೇಬೇಕೆಂದು ಹಟ ಹಿಡಿದು ಕೂತದ್ದರಿಂದಲೋ ಏನೋ, ಎದೆಯ ಡವಡವ ಇಮ್ಮಡಿಯಾಗಿ 'ಕಂದ' ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಮುಳುಗಿಹೋಯಿತು. ಪುಟ್ಟಿಯ ನಾಲಿಗೆಯ ತುದಿಗೆ ಆ ನಾಲ್ಕು ಸಾಲು ಬಂದು ನಿಂತವು. ಹೇಳಿಬಿಡಬಹುದಿತ್ತು. ಹೇಳಿದರೆ ದೊಡ್ಡಮ್ಮ ಅದನ್ನು ಪದ್ಯವೆಂದು ಎಣಿಸುತ್ತಿರಲಿಲ್ಲ, ಮುದುಕಿಯನ್ನು ಒಲಿಸಲು ಕಟ್ಟಿದ ಮಾತೆಂದು ಎಣಿಸುತ್ತಿದ್ದಳು.

"ನಾಲ್ಕು ನಿಮಿಷ," ಅಂದ ಡ್ರೈವರು.

ದೊಡ್ಡಮ್ಮ ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನೇ ಸವರಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಬೆರಳು. ಆಮೇಲೆ ಕೈಚಾಚಿ ತಡವಿ ಪುಟ್ಟಿಯ ಕೈ ಹಿಡಿದಳು.

"ನೀನು ಹೇಳು."

"ನಾನಾ? ನೀನು ಇರೋವಾಗಲೇ?"

"ಅಪ್ಪ ನನಗೆ ಕೊಟ್ಟದ್ದೂ ಕೈ ಹಿಡಿದೇ. ಇದ್ದಾಗ ಕೊಟ್ರೆ ತಾನೇ ಕೊಟ್ಟ ಹಾಗೆ? ಹೋದ ಮೇಲೆ ಬಿಟ್ಟು ಹೋದದ್ದು ಅಂತಾರೆ. ತಗೋ. ಇವತ್ತಿಂದ ನಿನ್ನದು. ನಾನು ಬರೀ ಕೇಳೋಳು."

ಸಾವಿರ ಸಲ ಕೇಳಿದ್ದ ಪದ್ಯ ಬಾಯಿಗೆ ಬಂದಾಗ ಬೇರೆಯೇ ತೂಕ. ಅದು ಮುತ್ತಜ್ಜಿಯ ಅಂಜಿಕೆ, ಅಜ್ಜನ ಮಂಡಿನೋವು, ದೊಡ್ಡಮ್ಮನ ಸೂಜಿಬೆರಳು ಎಲ್ಲವನ್ನೂ ಕಟ್ಟಿಕೊಂಡು ಬಂತು. ಪುಟ್ಟಿ ಒಂದೊಂದೇ ಮಾತನ್ನು ನೆಲ ನೋಡಿ ಹೆಜ್ಜೆಯಿಡುವವಳಂತೆ ಇಟ್ಟಳು. 'ಕರೆವುದು' ಎಂದು ಮುಗಿಸಿದಳು. ಊರ ಕೇಳದು ಅಂದೆನೋ ಇಲ್ಲವೋ? ಹೆಸರು ಮೊದಲೋ ಊರು ಮೊದಲೋ? ಎದೆ ಕಿವಿಯೊಳಗೇ ಬಂದು ಕೂತು ಬಡಿಯುತ್ತಿತ್ತು. ಡ್ರೈವರನ ತುಟಿ ಅಲ್ಲಾಡುವುದು ಕಂಡಿತು. ಒಂದಕ್ಷರ ಕೇಳಿಸಲಿಲ್ಲ.

ದೊಡ್ಡಮ್ಮ ಮಾತ್ರ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದೂರದಲ್ಲಿ ಯಾರೋ ಕರೆದದ್ದಕ್ಕೆ ಓಗೊಡುವವಳಂತೆ ಕೂತಿದ್ದಳು. ಪದ್ಯ ಮುಗಿದ ಮೇಲೂ ಹಾಗೇ ಇದ್ದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಪುಟ್ಟಿ ಬಗ್ಗಿ ನೋಡಿದರೆ ನಗು.

"ನಲವತ್ತು ವರ್ಷ," ಉಸಿರು ಕಟ್ಟುವಷ್ಟು ನಗುತ್ತ ಅಂದಳು, "ನಲವತ್ತು ವರ್ಷ ನಾನು ಜನರನ್ನ ಹೆದರಿಸ್ತಿದ್ದೀನಿ, ಮಗ್ಗುಲಲ್ಲೇ ಮೊದಲು ಇವರಪ್ಪ, ಆಮೇಲೆ ಇವನು ಹೆದರಬೇಡಿ ಅಂತ ಹೇಳ್ತಿದ್ರು! ನಮ್ಮಪ್ಪ ಆರು ಮಹಡಿ ಹತ್ತಿದ್ನಲ್ಲೋ, ಪಾಪ! ಅವನೂ ಕೇಳಿಸ್ಕೊಂಡಿರಲಿಲ್ಲ!"

"ನಮ್ಮಪ್ಪ ಎಷ್ಟು ಸಲ ಹೇಳಿದ್ರೂ ನಿಮ್ಮಪ್ಪ ಲಿಫ್ಟಿಗೆ ಬರ್ತಿರಲಿಲ್ಲವಂತೆ," ಅಂದ ಡ್ರೈವರು, ಕಣ್ಣೊರೆಸಿಕೊಳ್ಳುತ್ತ ಸೀಟಿಗೆ ಹೋದ. ಒಂಬತ್ತು ವರ್ಷದ ಮೇಲೆ ಬಾಯಿ ಬಿಟ್ಟವನ ಮುಖ ತೊಳೆದಿಟ್ಟ ಹಾಗಿತ್ತು. ಬಸ್ಸು ಎರಡು ನಿಮಿಷ ತಡವಾಗಿ ಹೊರಟಿತು.

ಮನೆಗೆ ಬಂದೊಡನೆ ದೊಡ್ಡಮ್ಮ ಗುಂಡಿಯ ಡಬ್ಬಿ ತರಲು ಹೇಳಿದಳು. ಮುಚ್ಚಳ ತಾನೇ ತೆಗೆದಳು. ಪುಟ್ಟಿ ಗುರುವಾರದ ಮಾತು ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಅವಳು ಮೂಲ ಮುದ್ರಣವನ್ನು, ನಾಲ್ಕು ಉಸಿರಿನ ಸಮೇತ, ಗುಂಪಿಗೆ ಹಾಕಿ ಕೆಳಗೆ ಬರೆದಳು: 'ಮೊದಲು ಕಳಿಸಿದ್ದರಲ್ಲಿ ಮೂವತ್ತೆರಡನೆಯ ಪದ್ಯದ ಜಾಗವನ್ನು ನಾನು ತಪ್ಪಿನಿಂದ ಕತ್ತರಿಸಿದ್ದೆ. ಕ್ಷಮಿಸಿ.'

ಗುರುವಾರ ಏಳೂವರೆಗೆ ಅವರು ಆಸ್ಪತ್ರೆಯ ಮುಂದೆ ನಿಂತಿದ್ದರು. ಎದುರಿನ ರಸ್ತೆಯಲ್ಲಿ ಅದೇ ವ್ಯಾನು, ಇನ್ನೂ ಹಳೆಯ ತುಣುಕನ್ನೇ ಊದುತ್ತಿತ್ತು. ದೊಡ್ಡಮ್ಮ ನಿಂತು ಕೇಳಿದಳು.

"ಚೆನ್ನಾಗೇ ಹೇಳಿದ್ದೀನಿ ಅಲ್ವಾ?" ಅಂದಳು. "'ಊರ ಕೇಳದು' ನುಂಗಿಲ್ಲ."

ಬಾಗಿಲೆಂದರೆ ಎರಡು ಗಾಜಿನ ಹಲಗೆ, ನಡುವೆ ಕಂಬದ ಮೇಲೊಂದು ಅಂಗೈಯಗಲದ ಕಪ್ಪು ಗಾಜು. ಕಾವಲಿನವನು ಕನ್ನಡಕ ತೆಗೆಯಲು ಹೇಳಿದ. ದೊಡ್ಡಮ್ಮ ತೆಗೆದಳು. ಕಂಬದ ಮುಂದೆ ನಿಂತು ಮುಖ ಎತ್ತಿದಳು. ಏನೂ ಆಗಲಿಲ್ಲ.

"ಸ್ವಲ್ಪ ಬಗ್ಗಿ ಅಮ್ಮ, ನೀವು ನೋಡ್ತಿರೋದು ಕಿಟಕೀನ," ಅಂದ ಕಾವಲಿನವನು.

ಅವಳು ಬಗ್ಗಿದಳು. ಹಲಗೆಗಳು ಸರಿದವು. "ಸ್ವಾಗತ ದಯವಿಟ್ಟು ಒಳಗೆ ಬನ್ನಿ ಸರದಿಯಲ್ಲಿ ಕುಳಿತುಕೊಳ್ಳಿ" ಎಂದಿತು ಯಂತ್ರ, ಒಂದೇ ದಮ್ಮಿನಲ್ಲಿ.

ದೊಡ್ಡಮ್ಮ ಹೊಸಿಲ ಮೇಲೆ ತಡೆದಳು. "ಇದನ್ನೂ ನೀನೇ ಕತ್ತರಿಸಿದ್ದಾ?"

"ಹೂಂ."

"ಪಾಪ, ಉಸಿರಾಡೋಕೆ ಬಿಡೇ ಅದನ್ನ," ಎಂದು ಒಳಗೆ ನಡೆದಳು.

ಶಸ್ತ್ರಕ್ರಿಯೆ ನಲವತ್ತು ನಿಮಿಷ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಕೂತ ಪುಟ್ಟಿಗೆ ಗಡಿಯಾರದಜ್ಜನ ಫೋನು ಬಂತು. ಹಿಂದಿನ ಸಂಜೆ ಅಭ್ಯರ್ಥಿ ಬಂದಿದ್ದನಂತೆ. ಅಜ್ಜ ಎಲ್ಲರೆದುರು ನಿಂತು, ಪದ್ಯದ ನಡುವೆ ಒಂದು ಜಾಗವಿದೆ, ಅದು ಕಳೆದುಹೋಗಿತ್ತು, ದಯವಿಟ್ಟು ನಾಲ್ಕು ಉಸಿರು ಸುಮ್ಮನಿರಬೇಕು ಎಂದು ಕೇಳಿಕೊಂಡರಂತೆ.

"ಎರಡನೇ ಉಸಿರಿಗೇ ಭಾಷಣ ಶುರು ಮಾಡಿಬಿಟ್ಟ ಪುಟ್ಟಿ! ಎಲ್ಲರೂ ಕಣ್ಣು ಬಿಟ್ಟು ಅವನನ್ನೇ ನೋಡಿದ್ರು. ಯಾರೋ ಹಿಂದೆ ಕಿಸಕ್ ಅಂದ್ರು. ಬಂದವರಲ್ಲಿ ಅರ್ಧ ಜನ ಎದ್ದು ಅವನ ಹಿಂದೆ ಹೋದ್ರು. ಹೋಗ್ಲಿ. ಚಾಪೆ ಸರಿಯಾಯ್ತು." ಸ್ವಲ್ಪ ತಡೆದು, "ಆ ಡ್ರೈವರು ಸಿಕ್ರೆ ಹೇಳು, ಫ್ಯಾನನ್ನ ಅವನು ಕೂರೋ ಕಡೆಗೆ ತಿರುಗಿಸಿದ್ದೀನಿ. ನಾನು ಸ್ವೆಟರ್ ಹಾಕ್ಕೊಂಡು ಕೂತ್ಕೋತೀನಿ."

ಒಳಗಿನಿಂದ ಡಾಕ್ಟರು ಬಂದು, ಎಲ್ಲ ಅಂದುಕೊಂಡಂತೆ ಆಗಿದೆ, ನಾಳೆ ಪಟ್ಟಿ ಬಿಚ್ಚುತ್ತೇವೆ ಎಂದರು. ಪುಟ್ಟಿ ಫೋನು ಹಿಡಿದ ಕೈಯಲ್ಲೇ ಮುಗಿದಳು. ಯಾರಿಗೆ ಮುಗಿದಳೆಂದು ಕೇಳಿದ್ದರೆ ಡಾಕ್ಟರಿಗೂ ಹೌದು, ಮೇಲಿನವನಿಗೂ ಹೌದು.

ಮುಂದಿನ ಪಠಣದ ದಿನ ದೊಡ್ಡಮ್ಮ ಹೊಸ ಕಣ್ಣಿನಿಂದ ಇಡೀ ಸಾಲನ್ನು ತನಿಖೆ ಮಾಡಿದಳು. ಗಡಿಯಾರದಜ್ಜನ ಸ್ವೆಟರಿನ ಕಾಜಗಳು ಸೊಟ್ಟಗಿವೆಯೆಂದು ಹೇಳಿ, ಅವು ಈಚೆಗೆ ತನ್ನ ಕೈಯಿಂದಲೇ ಹೊಲಿದದ್ದೆಂದು ನೆನಪಾಗಿ ಸುಮ್ಮನಾದಳು. ಫ್ಯಾನಿನ ಕೆಳಗೆ ಡ್ರೈವರು ಕೂತಿದ್ದ. ಅವನ ಒಂದು ಪಕ್ಕ ಬೇಕರಿ ಅಕ್ಕ, ಇನ್ನೊಂದು ಪಕ್ಕ, ದೊಡ್ಡಮ್ಮನ ಹಳೆಯ ಜಾಗದಲ್ಲಿ, ಪುಟ್ಟಿ. ಮೂವತ್ತು ಮುಗಿಯಿತು. ಪುಟ್ಟಿ ಹೇಳಿದಳು. ಹೇಳಿ ಮುಗಿಸಿ, ಎದೆಯ ಡವಡವ ಇಳಿಯುವ ಹೊತ್ತಿಗೆ ಬೇಕರಿ ಅಕ್ಕ ಶುರು ಮಾಡಿಬಿಟ್ಟಿದ್ದಳು. ಪುಟ್ಟಿ ಗಾಬರಿಯಿಂದ ಹಿಂದಿನ ಸಾಲಿಗೆ ತಿರುಗಿ ನೋಡಿದಳು.

ದೊಡ್ಡಮ್ಮ ಎರಡೂ ಕೈ ಮಡಿಲಲ್ಲಿಟ್ಟು, ಪೂರ್ತಿ ಕೇಳಿಸಿಕೊಂಡವಳ ನೆಮ್ಮದಿಯಲ್ಲಿ ಕೂತಿದ್ದಳು. ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿದಳು.